ಮಾರ್ಕಪ್ ಪಾರ್ಸರ್‌ಗೆ ಸ್ಕ್ರಿಪ್ಟಿಂಗ್ ಭಾಷೆಯನ್ನು ಜೋಡಿಸುವ ದಾರಿಗಳು: ಯಾವುದನ್ನು ಯಾವಾಗ ಆರಿಸಬೇಕು

ಸಿ ಭಾಷೆಯಲ್ಲಿ ಬರೆದ, ವರ್ಷಗಟ್ಟಲೆ ಬಳಕೆಯಲ್ಲಿ ಪಳಗಿದ ಮಾರ್ಕಪ್ ಪಾರ್ಸರ್, ಅಂದರೆ ಎಕ್ಸ್‌ಎಂಎಲ್ ಅಥವಾ ಮಾರ್ಕ್‌ಡೌನ್‌ನಂಥ ಗುರುತು ಹಾಕಿದ ಪಠ್ಯವನ್ನು ಓದಿ ಅದರ ರಚನೆಯನ್ನು ಬಿಡಿಸಿಕೊಡುವ ಲೈಬ್ರರಿ, ಒಂದಿದೆ ಎಂದುಕೊಳ್ಳೋಣ. ಅದು ಎಕ್ಸ್‌ಪ್ಯಾಟ್ ಆಗಿರಬಹುದು, ಲಿಬ್‌ಎಕ್ಸ್‌ಎಂಎಲ್2 ಆಗಿರಬಹುದು, ಮಾರ್ಕ್‌ಡೌನ್ ಓದುವ ಸಿಮಾರ್ಕ್ ಆಗಿರಬಹುದು. ಅದನ್ನು ಪೈಥಾನ್, ಲುವಾ, ರೂಬಿ ಅಥವಾ ಪರ್ಲ್‌ನಂಥ ಸ್ಕ್ರಿಪ್ಟಿಂಗ್ ಭಾಷೆಯಿಂದ ಬಳಸಬೇಕಾಗಿದೆ. ಇದಕ್ಕೆ ದಾರಿಗಳು ಹಲವು. ಪಾರ್ಸರನ್ನು ಬೇರೆಯೇ ಪ್ರೋಸೆಸ್ ಆಗಿ ಓಡಿಸಿ ಪೈಪ್ ಮೂಲಕ ದತ್ತಾಂಶ ಕೊಟ್ಟು ತೆಗೆದುಕೊಳ್ಳಬಹುದು. ಎಫ್‌ಎಫ್‌ಐ (ಒಂದು ಭಾಷೆಯಿಂದ ಇನ್ನೊಂದರ ಫಂಕ್ಷನ್‌ಗಳನ್ನು ಕರೆಯುವ ಸೌಲಭ್ಯ) ಮೂಲಕ ಲೈಬ್ರರಿಯ ಫಂಕ್ಷನ್‌ಗಳನ್ನು ಸ್ಕ್ರಿಪ್ಟಿನಿಂದಲೇ ಕರೆಯಬಹುದು. ಸ್ಕ್ರಿಪ್ಟಿಂಗ್ ಭಾಷೆಗೆ ಸೇರುವ ಮಾಡ್ಯೂಲನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು, ಸಿ ಭಾಷೆಯಲ್ಲೇ ಬರೆಯಬಹುದು. ಸ್ವಿಗ್‌ನಂಥ ಉಪಕರಣಕ್ಕೆ ಫಂಕ್ಷನ್‌ಗಳ ಘೋಷಣೆಗಳಿರುವ ಹೆಡರ್ ಫೈಲ್ ಒಪ್ಪಿಸಿ ಬೈಂಡಿಂಗನ್ನು, ಅಂದರೆ ಎರಡು ಭಾಷೆಗಳನ್ನು ಜೋಡಿಸುವ ಪದರವನ್ನು, ತಾನಾಗಿ ಹುಟ್ಟಿಸಬಹುದು. ಸೈಥಾನ್‌ನಂಥ ನಡುವಣ ಭಾಷೆಯೊಂದರಲ್ಲಿ ಬರೆಯಬಹುದು.

ಇವನ್ನು ಹೋಲಿಸುವವರು ಸಾಮಾನ್ಯವಾಗಿ ಮೊದಲ ಕರೆ ಎಷ್ಟು ಬೇಗ ಕೆಲಸ ಮಾಡಿತು, ಎಷ್ಟು ಸಾಲು ಬರೆಯಬೇಕಾಯಿತು ಎಂಬುದನ್ನು ನೋಡುತ್ತಾರೆ. ನನ್ನ ಅನುಭವದಲ್ಲಿ ಅದು ತಪ್ಪು ಅಳತೆಗೋಲು. ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಬೇರೆ ಎರಡು ಪ್ರಶ್ನೆಗಳು. ಪಾರ್ಸರ್ ಪಡೆದುಕೊಂಡ ಮೆಮೊರಿಯನ್ನು ಯಾರು, ಯಾವಾಗ ಬಿಡುಗಡೆ ಮಾಡುತ್ತಾರೆ ಎಂಬುದು ಮೊದಲನೆಯದು. ಒಂದು ದಾಖಲೆಯನ್ನು ಓದಿ ಮುಗಿಸುವಷ್ಟರಲ್ಲಿ ಎರಡು ಭಾಷೆಗಳ ನಡುವಣ ಗಡಿಯನ್ನು ಎಷ್ಟು ಸಲ ದಾಟಬೇಕಾಗುತ್ತದೆ ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಸಿಗುವುದು ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಅಲ್ಲ, ಪಾರ್ಸರಿನ ಸ್ವಭಾವದಲ್ಲಿ.

ಪಾರ್ಸರಿನ ಸ್ವಭಾವವನ್ನು ಮೊದಲು ಗುರುತಿಸಿ

ಮಾರ್ಕಪ್ ಪಾರ್ಸರ್‌ಗಳು ಫಲಿತಾಂಶವನ್ನು ಮೂರು ಬಗೆಯಲ್ಲಿ ಕೊಡುತ್ತವೆ. ಕೆಲವು ಒಂದು ಸ್ಟ್ರಿಂಗ್ ಪಡೆದು ಇನ್ನೊಂದು ಸ್ಟ್ರಿಂಗ್ ಹಿಂದಿರುಗಿಸುತ್ತವೆ. ಮಾರ್ಕ್‌ಡೌನ್ ಪಠ್ಯ ಕೊಟ್ಟರೆ ಎಚ್‌ಟಿಎಂಎಲ್ ಪಠ್ಯ ಕೊಡುವ ಸಿಮಾರ್ಕ್‌ನ ಒಂದು ಫಂಕ್ಷನ್ ಇದಕ್ಕೆ ಉದಾಹರಣೆ. ಕೆಲವು ಓದುತ್ತಾ ಹೋದಂತೆ ಘಟನೆಗಳನ್ನು ತಿಳಿಸುತ್ತವೆ. ಜೇಮ್ಸ್ ಕ್ಲಾರ್ಕ್ ಬರೆದ ಎಕ್ಸ್‌ಪ್ಯಾಟ್ ಒಂದು ಎಲಿಮೆಂಟ್ ಶುರುವಾದಾಗ, ಮುಗಿದಾಗ, ನಡುವೆ ಪಠ್ಯ ಸಿಕ್ಕಾಗ ನೀವು ನೋಂದಾಯಿಸಿದ ಹ್ಯಾಂಡ್ಲರನ್ನು (ಆ ಘಟನೆಗೆಂದು ನೀವು ಬರೆದ ಫಂಕ್ಷನನ್ನು) ಕರೆಯುತ್ತದೆ, ತನ್ನಲ್ಲಿ ಏನನ್ನೂ ಕಟ್ಟಿಟ್ಟುಕೊಳ್ಳುವುದಿಲ್ಲ. ಇನ್ನು ಕೆಲವು ಇಡೀ ದಾಖಲೆಯನ್ನು ಮೆಮೊರಿಯಲ್ಲಿ ಮರವಾಗಿ, ನೋಡ್‌ಗಳೆಂಬ ಗಂಟುಗಳನ್ನು ಒಂದಕ್ಕೊಂದು ಜೋಡಿಸಿ, ಕಟ್ಟಿ ಅದರ ಬೇರನ್ನು ನಿಮ್ಮ ಕೈಗೆ ಕೊಡುತ್ತವೆ. ಗ್ನೋಮ್ ಯೋಜನೆಗಾಗಿ ಡೇನಿಯಲ್ ವೇಯಾರ್ ಬರೆದ ಲಿಬ್‌ಎಕ್ಸ್‌ಎಂಎಲ್2 ಅನ್ನು ಜನ ಹೆಚ್ಚಾಗಿ ಬಳಸುವುದು ಹೀಗೆ, ಘಟನೆಗಳ ದಾರಿಯೂ ಅದರಲ್ಲಿದೆ.

ಮೊದಲ ಬಗೆಯಲ್ಲಿ ಗಡಿ ದಾಟುವುದು ಒಂದೇ ಸಲ, ಬಿಡುಗಡೆ ಮಾಡಬೇಕಾದದ್ದು ಒಂದೇ ಸ್ಟ್ರಿಂಗ್. ಎರಡನೆಯದರಲ್ಲಿ ಗಡಿ ದಾಟುವಿಕೆ ಲಕ್ಷಗಟ್ಟಲೆ ಆಗಬಹುದು, ಆದರೆ ಉಳಿಯುವ ಮೆಮೊರಿ ಅತ್ಯಲ್ಪ. ಮೂರನೆಯದರಲ್ಲಿ ಎರಡೂ ತೊಡಕುಗಳು ಸೇರಿಕೊಳ್ಳುತ್ತವೆ. ಆದ್ದರಿಂದ ಒಂದು ಲೈಬ್ರರಿಗೆ ಸರಿಹೋದ ದಾರಿ ಇನ್ನೊಂದಕ್ಕೂ ಸರಿಹೋಗಬೇಕಾಗಿಲ್ಲ. ಒಂದೇ ಲೈಬ್ರರಿಯ ಬೇರೆ ಬೇರೆ ಭಾಗಗಳಿಗೂ ಬೇರೆ ದಾರಿಗಳು ಬೇಕಾಗಬಹುದು.

ಬೇರೆ ಪ್ರೋಸೆಸ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಲಿಬ್‌ಎಕ್ಸ್‌ಎಂಎಲ್2 ಜೊತೆಗೇ ಬರುವ ಎಕ್ಸ್‌ಎಂಎಲ್‌ಲಿಂಟ್‌ನಂಥ ಆದೇಶವನ್ನು ಸ್ಕ್ರಿಪ್ಟಿನಿಂದ ಓಡಿಸಿದರೆ ಮೆಮೊರಿಯ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಪ್ರೋಸೆಸ್ ಮುಗಿದಾಗ ಎಲ್ಲವೂ ಆಪರೇಟಿಂಗ್ ಸಿಸ್ಟಂಗೆ ಹಿಂದಿರುಗುತ್ತದೆ. ಪಾರ್ಸರ್ ಕುಸಿದರೂ ನಿಮ್ಮ ಪ್ರೋಗ್ರಾಂ ಕುಸಿಯುವುದಿಲ್ಲ. ನಂಬಿಕೆಗೆ ಅರ್ಹವಲ್ಲದ ಮೂಲದಿಂದ ಬಂದ ದಾಖಲೆಗಳನ್ನು ಓದುವಾಗ ಇದು ದೊಡ್ಡ ಗುಣ. ಆದರೆ ಪ್ರತಿ ದಾಖಲೆಗೂ ಹೊಸ ಪ್ರೋಸೆಸ್ ಹುಟ್ಟಿಸುವ ವೆಚ್ಚವಿದೆ, ತಪ್ಪುಗಳ ವಿವರ ಪಠ್ಯದ ರೂಪದಲ್ಲಿ ಬರುವುದರಿಂದ ಅದನ್ನು ಮತ್ತೆ ಪಾರ್ಸ್ ಮಾಡಬೇಕಾಗುತ್ತದೆ. ಪೈಪ್ ಬಳಸುವವರು ಒಂದು ಅಪಾಯವನ್ನು ನೆನಪಿಡಬೇಕು: ಲಿನಕ್ಸ್‌ನಲ್ಲಿ ಪೈಪಿನ ಬಫರ್ ಸಾಮಾನ್ಯವಾಗಿ 65,536 ಬೈಟ್‌ಗಳಷ್ಟಿರುತ್ತದೆ, ಇಡೀ ದಾಖಲೆಯನ್ನು ಬರೆದು ಮುಗಿಸಿದ ಮೇಲೆಯೇ ಉತ್ತರ ಓದುತ್ತೇನೆ ಎಂದು ಸ್ಕ್ರಿಪ್ಟ್ ಕಾಯುತ್ತಿದ್ದರೆ, ಆ ಕಡೆಯ ಪ್ರೋಗ್ರಾಂ ತನ್ನ ಉತ್ತರದ ಪೈಪ್ ತುಂಬಿ ನಿಂತಿದ್ದರೆ, ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾದು ಅಲ್ಲೇ ನಿಲ್ಲುತ್ತಾರೆ. ಚಿಕ್ಕ ದಾಖಲೆಗಳಲ್ಲಿ ಪರೀಕ್ಷಿಸಿದಾಗ ಇದು ಕಾಣಿಸಿಕೊಳ್ಳುವುದೇ ಇಲ್ಲ.

ದಿನಕ್ಕೆ ಹತ್ತಾರು ದಾಖಲೆಗಳನ್ನು ಪರಿಶೀಲಿಸುವ ಕೆಲಸಕ್ಕೆ ಈ ದಾರಿಯೇ ಸಾಕು. ಅಂಥ ಕಡೆ ಬೈಂಡಿಂಗ್ ಬರೆಯಲು ಹೊರಡುವುದು ಅನಗತ್ಯ ಶ್ರಮ.

ಎಫ್‌ಎಫ್‌ಐ: ಒಂದು ಕರೆಯ ಕೆಲಸಕ್ಕೆ ಸರಿ

ಪೈಥಾನ್ 2.5ರಲ್ಲಿ, ಅಂದರೆ 2006ರಲ್ಲಿ, ಎಫ್‌ಎಫ್‌ಐ ಒದಗಿಸುವ ಸಿಟೈಪ್ಸ್ ಮಾಡ್ಯೂಲ್ ಪೈಥಾನಿನ ಜೊತೆಗೇ ಬರತೊಡಗಿದ ಮೇಲೆ ಕಂಪೈಲರ್ ಇಲ್ಲದೆ ಸಿ ಲೈಬ್ರರಿಯನ್ನು ಕರೆಯುವುದು ಎಲ್ಲರ ಕೈಗೆಟುಕಿತು. ಪೈಥಾನಿಗೆ ಸಿಎಫ್‌ಎಫ್‌ಐ ಕೂಡ ಇದೆ, ಲುವಾದ ವೇಗದ ರೂಪವಾದ ಲುವಾಜಿಟ್‌ನಲ್ಲಿ ಎಫ್‌ಎಫ್‌ಐ ಒಳಗೇ ಇದೆ, ರೂಬಿಗೂ ಒಂದು ಜೆಮ್ (ಪ್ಯಾಕೇಜ್) ಇದೆ. ಸಿಮಾರ್ಕ್‌ನಂಥ ಸ್ಟ್ರಿಂಗ್‌ನಿಂದ ಸ್ಟ್ರಿಂಗ್‌ಗೆ ಹೋಗುವ ಪಾರ್ಸರಿಗೆ ನಾನು ಹಿಂಜರಿಯದೆ ಇದನ್ನೇ ಸೂಚಿಸುತ್ತೇನೆ.

ಆದರೆ ಸುಲಭವೆಂದು ಕಾಣುವ ಆ ಐದಾರು ಸಾಲುಗಳಲ್ಲಿ ಮೂರು ಗುಂಡಿಗಳಿವೆ. ಸಿಟೈಪ್ಸ್‌ನಲ್ಲಿ ಫಂಕ್ಷನ್ ಏನನ್ನು ಹಿಂದಿರುಗಿಸುತ್ತದೆ ಎಂದು ನೀವು ಹೇಳದಿದ್ದರೆ ಅದು ಇಂಟ್ (32 ಬಿಟ್ ಪೂರ್ಣಾಂಕ) ಎಂದು ಭಾವಿಸುತ್ತದೆ. 64 ಬಿಟ್ ಯಂತ್ರದಲ್ಲಿ ಪಾಯಿಂಟರಿನ (ಮೆಮೊರಿ ವಿಳಾಸದ) ಮೇಲಿನ ಅರ್ಧ ಕತ್ತರಿಸಿ ಹೋಗುತ್ತದೆ. ವಿಳಾಸ ಅದೃಷ್ಟವಶಾತ್ ಚಿಕ್ಕದಾಗಿದ್ದ ದಿನ ಎಲ್ಲವೂ ಸರಿಯಾಗಿ ನಡೆದು, ಮರುದಿನ ಪ್ರೋಗ್ರಾಂ ಕುಸಿಯುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ಹಿಂದಿರುಗುವುದು ಅಕ್ಷರಗಳ ಪಾಯಿಂಟರ್ ಎಂದು ಸರಿಯಾಗಿಯೇ ಘೋಷಿಸಿದರೆ, ಸಿಟೈಪ್ಸ್ ಆ ಅಕ್ಷರಗಳನ್ನು ಪೈಥಾನಿನ ಬೈಟ್ಸ್ ವಸ್ತುವಿಗೆ ನಕಲು ಮಾಡಿ ಅದನ್ನಷ್ಟೇ ನಿಮಗೆ ಕೊಡುತ್ತದೆ, ಮೂಲ ಪಾಯಿಂಟರ್ ನಿಮ್ಮ ಕೈತಪ್ಪಿ ಹೋಗುತ್ತದೆ. ಸಿಮಾರ್ಕ್ ಕೊಟ್ಟ ಸ್ಟ್ರಿಂಗನ್ನು ಕರೆದವರೇ ಬಿಡುಗಡೆ ಮಾಡಬೇಕು, ಆದರೆ ಬಿಡುಗಡೆ ಮಾಡಲು ವಿಳಾಸವೇ ಉಳಿದಿರುವುದಿಲ್ಲ. ದಿನಗಟ್ಟಲೆ ಓಡುವ ಒಂದು ಪ್ರೋಗ್ರಾಂನ ಮೆಮೊರಿ ನಿಧಾನವಾಗಿ ಏರುತ್ತಾ ಹೋಗುವುದನ್ನು ನೋಡುತ್ತಾ, ದೋಷ ಪಾರ್ಸರಿನದೆಂದು ನಂಬಿ ನಾನು ಅದರ ಮೂಲವನ್ನೆಲ್ಲ ಓದಿದ್ದೇನೆ. ದೋಷವಿದ್ದದ್ದು ಈ ಒಂದು ಘೋಷಣೆಯ ಸಾಲಿನಲ್ಲಿ. ಪಾಯಿಂಟರನ್ನು ವಾಯ್ಡ್ ಪಾಯಿಂಟರ್ ಎಂದು ಘೋಷಿಸಿ, ಅಕ್ಷರಗಳನ್ನು ನೀವೇ ನಕಲು ಮಾಡಿಕೊಂಡು, ನಂತರ ಬಿಡುಗಡೆ ಮಾಡುವುದು ಸರಿಯಾದ ಕ್ರಮ. ಬಿಡುಗಡೆಯನ್ನೂ ಆ ಲೈಬ್ರರಿಯ ಅಲೋಕೇಟರ್ ಮೂಲಕವೇ ಮಾಡಬೇಕು, ಏಕೆಂದರೆ ವಿಂಡೋಸ್‌ನಲ್ಲಿ ಒಂದೇ ಪ್ರೋಸೆಸ್ಸಿನೊಳಗೆ ಸಿ ರನ್‌ಟೈಮ್‌ನ ಎರಡು ಪ್ರತಿಗಳಿರುವುದು ಸಾಧ್ಯ, ಒಂದರಲ್ಲಿ ಪಡೆದ ಮೆಮೊರಿಯನ್ನು ಇನ್ನೊಂದರಲ್ಲಿ ಬಿಡುವಂತಿಲ್ಲ.

ಮೂರನೆಯ ಗುಂಡಿ ಕಾಲ್‌ಬ್ಯಾಕ್, ಅಂದರೆ ಸಿ ಕಡೆಯಿಂದ ಮರಳಿ ಕರೆಯಲ್ಪಡುವ ಸ್ಕ್ರಿಪ್ಟಿನ ಫಂಕ್ಷನ್. ಎಕ್ಸ್‌ಪ್ಯಾಟ್‌ಗೆ ಹ್ಯಾಂಡ್ಲರ್ ಕೊಡಲು ಸಿಟೈಪ್ಸ್ ಒಂದು ಕಾಲ್‌ಬ್ಯಾಕ್ ವಸ್ತುವನ್ನು ಸೃಷ್ಟಿಸುತ್ತದೆ. ಅದಕ್ಕೆ ಪೈಥಾನಿನ ಕಡೆ ಯಾವ ಹೆಸರೂ ಉಳಿಯದಿದ್ದರೆ ಪೈಥಾನ್ ಅದನ್ನು ಬಳಕೆಯಿಲ್ಲದ ವಸ್ತುವೆಂದು ಅಳಿಸಿಬಿಡುತ್ತದೆ. ಎಕ್ಸ್‌ಪ್ಯಾಟ್ ಮಾತ್ರ ಹಳೆಯ ವಿಳಾಸವನ್ನೇ ಕರೆಯುತ್ತದೆ. ಕಾಲ್‌ಬ್ಯಾಕ್ ಒಳಗೆ ಎಕ್ಸೆಪ್ಷನ್ ಎದ್ದರೆ ಸಿಟೈಪ್ಸ್ ಅದನ್ನು ಪರದೆಯ ಮೇಲೆ ಮುದ್ರಿಸಿ ಮುಂದಕ್ಕೆ ಸಾಗುತ್ತದೆ. ಪಾರ್ಸ್ ಮಾಡುವ ಕೆಲಸ ನಿಲ್ಲುವುದಿಲ್ಲ, ಕರೆದವರಿಗೆ ತಪ್ಪು ತಿಳಿಯುವುದೂ ಇಲ್ಲ. ಲುವಾಜಿಟ್‌ನ ದಾಖಲಾತಿಯೂ ತನ್ನ ಎಫ್‌ಎಫ್‌ಐ ಕಾಲ್‌ಬ್ಯಾಕ್‌ಗಳು ನಿಧಾನವೆಂದೂ ಏಕಕಾಲಕ್ಕೆ ಇರಬಹುದಾದ ಅವುಗಳ ಸಂಖ್ಯೆಗೆ ಮಿತಿಯಿದೆಯೆಂದೂ ಎಚ್ಚರಿಸುತ್ತದೆ. ಘಟನೆಗಳನ್ನು ತಿಳಿಸುವ ಪಾರ್ಸರ್‌ಗಳಿಗೆ ಎಫ್‌ಎಫ್‌ಐ ಬೇಡ ಎಂದು ನಾನು ಹೇಳುವುದಕ್ಕೆ ಕಾರಣ ಇವೇ.

ಮರ ಕಟ್ಟುವ ಪಾರ್ಸರ್‌ಗಳಿಗೂ ಇದು ಹೊಂದುವುದಿಲ್ಲ. ಸಿಟೈಪ್ಸ್ ಹೆಡರ್ ಫೈಲನ್ನು ಓದುವುದಿಲ್ಲ, ಸ್ಟ್ರಕ್ಟ್‌ನ (ಹಲವು ಅಂಶಗಳನ್ನು ಒಟ್ಟಿಗಿಡುವ ಸಿ ರಚನೆಯ) ವಿನ್ಯಾಸವನ್ನು ನೀವೇ ಕೈಯಿಂದ ನಕಲು ಮಾಡಿ ಬರೆಯಬೇಕು. ಲೈಬ್ರರಿಯ ಮುಂದಿನ ಆವೃತ್ತಿಯಲ್ಲಿ ಒಂದು ಅಂಶ ಜಾಗ ಬದಲಿಸಿದರೆ ಕಂಪೈಲರ್ ಎಚ್ಚರಿಸುತ್ತಿತ್ತು, ಇಲ್ಲಿ ಎಚ್ಚರಿಸುವವರಿಲ್ಲ. ಸಿಎಫ್‌ಎಫ್‌ಐಯಲ್ಲಿ ಕಂಪೈಲರ್ ಬಳಸಿ ಘೋಷಣೆಗಳನ್ನು ಹೆಡರ್‌ಗೆ ತಾಳೆ ನೋಡುವ ಒಂದು ವಿಧಾನವಿದೆ. ಎಫ್‌ಎಫ್‌ಐಯನ್ನೇ ಬಳಸಬೇಕೆಂದಿದ್ದರೆ ಆ ವಿಧಾನವನ್ನು ಆರಿಸಿ.

ಸಿ ಎಕ್ಸ್‌ಟೆನ್ಷನ್: ಘಟನೆಗಳ ಪಾರ್ಸರ್‌ಗೆ

ಎಕ್ಸ್‌ಪ್ಯಾಟ್‌ನಂಥ ಲೈಬ್ರರಿಗೆ ಕೈಯಿಂದ ಬರೆದ ಎಕ್ಸ್‌ಟೆನ್ಷನ್ ಅತ್ಯುತ್ತಮ. ಪೈಥಾನಿನ ಪೈಎಕ್ಸ್‌ಪ್ಯಾಟ್, ಲುವಾದ ಲುವಾಎಕ್ಸ್‌ಪ್ಯಾಟ್, ಪರ್ಲ್‌ನ ಎಕ್ಸ್‌ಎಂಎಲ್::ಪಾರ್ಸರ್ ಇವೆಲ್ಲವೂ ಈ ಮಾದರಿಯವು, ಮೂರನೆಯದರ ಮೊದಲ ರೂಪವನ್ನು ಪರ್ಲ್ ಭಾಷೆಯ ಕರ್ತೃ ಲ್ಯಾರಿ ವಾಲ್ ಅವರೇ ಬರೆದಿದ್ದರು. ಬರೆಯಬೇಕಾದ ಫಂಕ್ಷನ್‌ಗಳು ಕಡಿಮೆ: ಪಾರ್ಸರನ್ನು ಸೃಷ್ಟಿಸುವುದು, ಹ್ಯಾಂಡ್ಲರ್ ಜೋಡಿಸುವುದು, ತುಂಡು ತುಂಡಾಗಿ ಪಠ್ಯ ಉಣಿಸುವುದು, ತಪ್ಪಿನ ಸಂಖ್ಯೆ ಮತ್ತು ಸಾಲನ್ನು ಕೇಳುವುದು, ಕೊನೆಗೆ ಬಿಡುಗಡೆ. ಪ್ರತಿ ಹ್ಯಾಂಡ್ಲರಿಗೂ ಎಕ್ಸ್‌ಪ್ಯಾಟ್ ಒಂದು ಯೂಸರ್ ಡೇಟಾ ಪಾಯಿಂಟರನ್ನು ಮರಳಿ ಕೊಡುತ್ತದೆ. ಅದರಲ್ಲಿ ನಿಮ್ಮ ಸ್ಕ್ರಿಪ್ಟ್ ವಸ್ತುವಿನ ವಿಳಾಸ ಇಟ್ಟರೆ ಗ್ಲೋಬಲ್ ವೇರಿಯಬಲ್‌ಗಳ ಅಗತ್ಯವೇ ಬೀಳದು.

ಕಷ್ಟವಿರುವುದು ತಪ್ಪುಗಳ ಹರಿವಿನಲ್ಲಿ. ಸ್ಕ್ರಿಪ್ಟ್ ಪಾರ್ಸರನ್ನು ಕರೆದಿದೆ, ಪಾರ್ಸರ್ ಮತ್ತೆ ಸ್ಕ್ರಿಪ್ಟಿನ ಹ್ಯಾಂಡ್ಲರನ್ನು ಕರೆದಿದೆ, ಆ ಹ್ಯಾಂಡ್ಲರಿನಲ್ಲಿ ತಪ್ಪು ಎದ್ದಿದೆ. ನಡುವೆ ಎಕ್ಸ್‌ಪ್ಯಾಟ್‌ನ ಇನ್ನೂ ಮುಗಿಯದ ಕರೆಗಳು, ಅಂದರೆ ಸ್ಟ್ಯಾಕ್ ಫ್ರೇಮುಗಳು, ಸಿಕ್ಕಿಕೊಂಡಿವೆ. ಇಲ್ಲಿ ಭಾಷೆಗಳ ನಡುವಣ ವ್ಯತ್ಯಾಸ ನಿಜವಾಗಿಯೂ ಮುಖ್ಯವಾಗುತ್ತದೆ. ಪೈಥಾನಿನ ಸಿ ಎಪಿಐಯಲ್ಲಿ ತಪ್ಪು ಎಂದರೆ ಫಂಕ್ಷನ್ ನಲ್ ಹಿಂದಿರುಗಿಸುವುದು, ನಿಯಂತ್ರಣ ನಿಮ್ಮಲ್ಲೇ ಉಳಿಯುತ್ತದೆ. ಲುವಾ, ಪರ್ಲ್, ರೂಬಿಗಳ ಸಿ ರೂಪಗಳು ತಪ್ಪನ್ನು ಲಾಂಗ್‌ಜಂಪ್ ಮೂಲಕ ಎಸೆಯುತ್ತವೆ. ಅದು ಎಕ್ಸ್‌ಪ್ಯಾಟ್‌ನ ಫ್ರೇಮುಗಳ ಮೇಲೆ ಹಾರಿ ಹೋಗುತ್ತದೆ, ಪಾರ್ಸರ್ ತನ್ನ ಸ್ಥಿತಿಯನ್ನು ಸರಿಪಡಿಸಿಕೊಳ್ಳಲು ಅವಕಾಶವೇ ಸಿಗದೆ ಅರ್ಧದಲ್ಲಿ ಉಳಿಯುತ್ತದೆ. ಆದ್ದರಿಂದ ಲುವಾದಲ್ಲಿ ಪ್ರತಿ ಹ್ಯಾಂಡ್ಲರನ್ನೂ ಪಿಕಾಲ್ ಮೂಲಕ, ರೂಬಿಯಲ್ಲಿ ಪ್ರೊಟೆಕ್ಟ್ ಮೂಲಕ ಕರೆದು, ತಪ್ಪನ್ನು ಹಿಡಿದಿಟ್ಟುಕೊಂಡು, ಎಕ್ಸ್‌ಪ್ಯಾಟ್‌ಗೆ ನಿಲ್ಲುವಂತೆ ಹೇಳಿ, ಅದು ತಾನಾಗಿ ಹಿಂದಿರುಗಿದ ಮೇಲೆ ತಪ್ಪನ್ನು ಮತ್ತೆ ಎಬ್ಬಿಸಬೇಕು. ಪೈಎಕ್ಸ್‌ಪ್ಯಾಟ್ ಕೂಡ ಒಂದು ಹ್ಯಾಂಡ್ಲರಿನಲ್ಲಿ ಎಕ್ಸೆಪ್ಷನ್ ಎದ್ದೊಡನೆ ಉಳಿದ ಹ್ಯಾಂಡ್ಲರುಗಳನ್ನೆಲ್ಲ ಕಿತ್ತುಹಾಕುತ್ತದೆ, ಎಕ್ಸೆಪ್ಷನ್ ಬಾಕಿಯಿರುವಾಗ ಪೈಥಾನ್ ಕೋಡ್ ಮತ್ತೆ ಓಡಬಾರದೆಂಬ ಕಾರಣಕ್ಕೆ. ನೀವು ಆರಿಸಿಕೊಳ್ಳುವ ದಾರಿ ಈ ಕೆಲಸಕ್ಕೆ ಎಡೆ ಕೊಡುತ್ತದೆಯೇ ಎಂಬುದನ್ನು ಮೊದಲೇ ನೋಡಿ. ಹ್ಯಾಂಡ್ಲರ್ ಒಳಗಿಂದಲೇ ಸ್ಕ್ರಿಪ್ಟ್ ಪಾರ್ಸರನ್ನು ಮುಚ್ಚಲು ಯತ್ನಿಸಿದರೆ ಏನಾಗಬೇಕು ಎಂಬುದಕ್ಕೂ ಬೈಂಡಿಂಗ್‌ನಲ್ಲಿ ಸ್ಪಷ್ಟ ಉತ್ತರವಿರಬೇಕು, ಇಲ್ಲವಾದರೆ ಪಾರ್ಸರ್ ತಾನು ನಿಂತ ನೆಲವನ್ನೇ ಕಳೆದುಕೊಳ್ಳುತ್ತದೆ.

ಗಡಿ ದಾಟುವಿಕೆಯ ವೆಚ್ಚವನ್ನು ಕಡಿಮೆ ಮಾಡುವ ಅವಕಾಶವೂ ಈ ದಾರಿಯಲ್ಲೇ ಹೆಚ್ಚು. ಎಕ್ಸ್‌ಪ್ಯಾಟ್ ಒಂದೇ ಎಲಿಮೆಂಟಿನ ಪಠ್ಯವನ್ನು ಹಲವು ತುಂಡುಗಳಲ್ಲಿ ಕೊಡಬಹುದು. ಹೊಸ ಸಾಲು ಬಂದಾಗ, ಎಂಟಿಟಿ (ಬೇರೆ ಪಠ್ಯದ ಬದಲಿಗೆ ನಿಲ್ಲುವ ಹೆಸರು) ಬಂದಾಗ, ಉಣಿಸಿದ ತುಂಡು ಮುಗಿದಾಗ ಹೀಗಾಗುತ್ತದೆ. ಅವುಗಳನ್ನು ಸಿ ಭಾಗದಲ್ಲೇ ಸೇರಿಸಿ ಒಂದೇ ಸಲ ದಾಟಿಸಿದರೆ ಕರೆಗಳ ಸಂಖ್ಯೆ ಬಹಳ ಇಳಿಯುತ್ತದೆ. ಪೈಎಕ್ಸ್‌ಪ್ಯಾಟ್‌ನಲ್ಲಿ ಇದಕ್ಕಾಗಿ ಬಫರ್‌ಟೆಕ್ಸ್ಟ್ ಎಂಬ ಗುಣವಿದೆ, ಅದು ಮೊದಲಿಗೆ ಆಫ್ ಆಗಿರುತ್ತದೆ. ಸಾವಿರಾರು ಸಲ ಬರುವ ಎಲಿಮೆಂಟ್ ಹೆಸರುಗಳನ್ನು ಪ್ರತಿ ಸಲವೂ ಹೊಸ ಸ್ಟ್ರಿಂಗ್ ಮಾಡದೆ, ಒಂದು ಕೋಶದಿಂದ ತೆಗೆದುಕೊಳ್ಳುವುದು ಮತ್ತೊಂದು ಉಪಾಯ. ಸ್ಕ್ರಿಪ್ಟಿಗೆ ಬೇಕಿರುವುದು ಎರಡು ಬಗೆಯ ಎಲಿಮೆಂಟ್ ಮಾತ್ರ ಎಂದು ಗೊತ್ತಿದ್ದರೆ, ಉಳಿದವನ್ನು ಸಿ ಭಾಗದಲ್ಲೇ ತಡೆಯಬಹುದು. ಆಗ ಸಿಗುವ ಲಾಭ ಬೇರಾವ ಉಪಾಯದಲ್ಲೂ ಸಿಗದು.

ಇಲ್ಲಿ ಮೆಮೊರಿಯ ಪ್ರಶ್ನೆ ಚಿಕ್ಕದು ಎಂದೆ, ಇಲ್ಲವೆಂದಲ್ಲ. ಪಾರ್ಸರ್ ವಸ್ತು ಹ್ಯಾಂಡ್ಲರನ್ನು ಹಿಡಿದಿರುತ್ತದೆ, ಹ್ಯಾಂಡ್ಲರ್ ಒಂದು ವಸ್ತುವಿನ ಮೆಥಡ್ ಆಗಿದ್ದರೆ ಆ ವಸ್ತು ಪಾರ್ಸರನ್ನು ಹಿಡಿದಿರುತ್ತದೆ. ಈ ಸುತ್ತನ್ನು ಪೈಥಾನಿನ ಸೈಕಲ್ ಕಲೆಕ್ಟರ್ ಬಿಡಿಸಬೇಕಾದರೆ ಎಕ್ಸ್‌ಟೆನ್ಷನ್ ತಾನು ಹಿಡಿದ ಕೊಂಡಿಗಳನ್ನು ಅದಕ್ಕೆ ತೋರಿಸಿಕೊಡುವ ಟ್ರಾವರ್ಸ್ ಫಂಕ್ಷನನ್ನು ಬರೆದಿರಬೇಕು. ಲುವಾದಲ್ಲಿ ಹ್ಯಾಂಡ್ಲರುಗಳನ್ನು ರಿಜಿಸ್ಟ್ರಿಯಲ್ಲಿ (ಸಿ ಭಾಗಕ್ಕೆಂದು ಇರುವ ಜಾಗತಿಕ ಟೇಬಲಿನಲ್ಲಿ) ಇಟ್ಟರೆ ಅಲ್ಲಿಂದ ತೆಗೆಯುವವರೆಗೂ ಅವು ಜೀವಂತ. ಯೂಸರ್‌ಡೇಟಾಕ್ಕೇ (ಪಾರ್ಸರನ್ನು ಹೊತ್ತ ಲುವಾ ವಸ್ತುವಿಗೇ) ಜೋಡಿಸಿದ ಟೇಬಲಿನಲ್ಲಿ ಇಡುವುದು ಲೇಸು.

ಮರಗಳ ವಿಷಯ

ನಿಜವಾದ ಪರೀಕ್ಷೆ ಇಲ್ಲಿದೆ. ಲಿಬ್‌ಎಕ್ಸ್‌ಎಂಎಲ್2ರಲ್ಲಿ ದಾಖಲೆಯನ್ನು ಬಿಡುಗಡೆ ಮಾಡಿದರೆ ಅದಕ್ಕೆ ಜೋಡಿಕೊಂಡಿರುವ ನೋಡ್‌ಗಳೆಲ್ಲವೂ ಹೋಗುತ್ತವೆ. ಸ್ಕ್ರಿಪ್ಟಿನಲ್ಲಿ ಬರೆಯುವವರು ಒಂದು ಫಂಕ್ಷನ್‌ನಲ್ಲಿ ದಾಖಲೆಯನ್ನು ತೆರೆದು, ಅದರ ಒಂದು ಮಗು ನೋಡನ್ನು ಹಿಂದಿರುಗಿಸಿ, ದಾಖಲೆಯನ್ನು ಮರೆತುಬಿಡುತ್ತಾರೆ. ಅವರ ಭಾಷೆಯಲ್ಲಿ ಅದು ಸಹಜ, ತಪ್ಪಲ್ಲ. ದಾಖಲೆಯ ಹೊದಿಕೆ ವಸ್ತುವನ್ನು ಸ್ಕ್ರಿಪ್ಟಿಂಗ್ ಭಾಷೆ ಅಳಿಸಿದಾಗ ಮರವನ್ನೂ ಬಿಡುಗಡೆ ಮಾಡಿದರೆ ಮಗು ನೋಡ್ ಸತ್ತ ವಿಳಾಸವಾಗುತ್ತದೆ. ಬಿಡುಗಡೆ ಮಾಡದೆ ಇದ್ದರೆ ಮೆಮೊರಿ ಸೋರುತ್ತದೆ. ಲಿಬ್‌ಎಕ್ಸ್‌ಎಂಎಲ್2 ಜೊತೆ ಬರುತ್ತಿದ್ದ ಮೂಲ ಪೈಥಾನ್ ಬೈಂಡಿಂಗ್ ಈ ಹೊಣೆಯನ್ನು ಬಳಕೆದಾರರ ಮೇಲೆಯೇ ಹೊರಿಸಿತ್ತು: ದಾಖಲೆಯನ್ನು ನೀವೇ ಕೈಯಾರೆ ಬಿಡಬೇಕು, ಬಿಟ್ಟ ಮೇಲೆ ನೋಡ್‌ಗಳನ್ನು ಮುಟ್ಟಬಾರದು. ಸಿ ಬರೆಯುವವರಿಗೆ ಇದು ಒಪ್ಪಿಗೆಯಾಗಬಹುದು, ಪೈಥಾನ್ ಬರೆಯುವವರಿಗೆ ಅಲ್ಲ.

ಇದನ್ನು ಬಗೆಹರಿಸಲು ಮೂರು ತಂತ್ರಗಳು ಬಳಕೆಯಲ್ಲಿವೆ. ಲಿಬ್‌ಎಕ್ಸ್‌ಎಂಎಲ್2ಕ್ಕೆ ಪೈಥಾನಿನಲ್ಲಿರುವ ಇನ್ನೊಂದು ಬೈಂಡಿಂಗ್ ಆದ ಎಲ್‌ಎಕ್ಸ್‌ಎಂಎಲ್ ಅನುಸರಿಸುವ ತಂತ್ರ ಅತ್ಯಂತ ನಯವಾದದ್ದು, ಅತ್ಯಂತ ಕಷ್ಟದ್ದೂ ಹೌದು. ಸ್ಕ್ರಿಪ್ಟ್ ಮುಟ್ಟಿದ ನೋಡಿಗೆ ಮಾತ್ರ, ಅದರ ಪರವಾಗಿ ನಿಲ್ಲುವ ಒಂದು ಪ್ರಾಕ್ಸಿ ವಸ್ತು ಹುಟ್ಟುತ್ತದೆ. ಪ್ರತಿ ಪ್ರಾಕ್ಸಿಯೂ ದಾಖಲೆಯ ವಸ್ತುವನ್ನು ಹಿಡಿದಿರುತ್ತದೆ, ಹಾಗಾಗಿ ಒಂದೇ ಒಂದು ನೋಡ್ ಬಳಕೆಯಲ್ಲಿದ್ದರೂ ಮರ ಉಳಿಯುತ್ತದೆ. ಲಿಬ್‌ಎಕ್ಸ್‌ಎಂಎಲ್2ರ ನೋಡಿನಲ್ಲಿ ಬಳಕೆದಾರರಿಗೆಂದೇ ಮೀಸಲಿಟ್ಟ ಪ್ರೈವೇಟ್ ಎಂಬ ಪಾಯಿಂಟರ್ ಇದೆ. ಪ್ರಾಕ್ಸಿಯ ವಿಳಾಸವನ್ನು ಅಲ್ಲಿ ಬರೆದಿಟ್ಟರೆ ಅದೇ ನೋಡನ್ನು ಮತ್ತೆ ಕೇಳಿದಾಗ ಅದೇ ಪ್ರಾಕ್ಸಿ ಸಿಗುತ್ತದೆ. ಮರದಿಂದ ಕಿತ್ತ ಕೊಂಬೆಯ ಕೊನೆಯ ಪ್ರಾಕ್ಸಿ ಸತ್ತಾಗ ಆ ಕೊಂಬೆಯನ್ನು ಬಿಡುಗಡೆ ಮಾಡಬೇಕು, ಅದಕ್ಕೆ ಮೊದಲು ಕೊಂಬೆಯೊಳಗೆ ಬೇರೆ ಜೀವಂತ ಪ್ರಾಕ್ಸಿ ಇಲ್ಲವೆಂದು ಹುಡುಕಿ ಖಚಿತಪಡಿಸಿಕೊಳ್ಳಬೇಕು. ಅದೇ ಲೈಬ್ರರಿಗೆ ರೂಬಿಯಲ್ಲಿರುವ ಬೈಂಡಿಂಗ್ ನೊಕೊಗಿರಿ ಇದಕ್ಕಿಂತ ಸರಳವಾದ ದಾರಿ ಹಿಡಿದಿದೆ: ಕಿತ್ತ ನೋಡ್‌ಗಳನ್ನೂ ದಾಖಲೆಯ ಪಟ್ಟಿಯಲ್ಲೇ ಇಟ್ಟುಕೊಂಡು, ದಾಖಲೆ ಹೋಗುವಾಗ ಎಲ್ಲವನ್ನೂ ಒಟ್ಟಿಗೆ ಬಿಡುತ್ತದೆ. ಒಂದೇ ದಾಖಲೆಯಿಂದ ಸತತವಾಗಿ ನೋಡ್‌ಗಳನ್ನು ಕೀಳುತ್ತಾ ಹೋಗುವ ಪ್ರೋಗ್ರಾಂನಲ್ಲಿ ಮೆಮೊರಿ ಏರುತ್ತದೆ, ಆದರೆ ಲೆಕ್ಕ ತಪ್ಪುವ ಸಂಭವ ಕಡಿಮೆ.

ಮೂರನೆಯದು ನಕಲು. ಪಾರ್ಸ್ ಆದ ಕೂಡಲೇ ಇಡೀ ಮರವನ್ನು ಸ್ಕ್ರಿಪ್ಟಿನ ಪಟ್ಟಿ ಮತ್ತು ಡಿಕ್ಷನರಿಗಳಾಗಿ ನಕಲು ಮಾಡಿ, ಸಿ ಮರವನ್ನು ಅಲ್ಲೇ ಬಿಡುಗಡೆ ಮಾಡುವುದು. ಮೆಮೊರಿ ಹೆಚ್ಚು ಬೇಕು, ಮರದಲ್ಲಿ ನೋಡ್‌ಗಳನ್ನು ಹುಡುಕುವ ಎಕ್ಸ್‌ಪಾತ್‌ನಂಥ ಸೌಲಭ್ಯ ಕೈಬಿಟ್ಟು ಹೋಗುತ್ತದೆ. ಆದರೂ ದಾಖಲೆಗಳು ಚಿಕ್ಕವಾಗಿದ್ದು, ಓದುವುದಷ್ಟೇ ಕೆಲಸವಾಗಿದ್ದರೆ ನಾನು ಇದನ್ನೇ ಮೊದಲು ಪರಿಗಣಿಸುತ್ತೇನೆ. ಒಡೆತನದ ಪ್ರಶ್ನೆ ಒಂದೇ ಫಂಕ್ಷನ್‌ನೊಳಗೆ ಹುಟ್ಟಿ ಅಲ್ಲೇ ಮುಗಿಯುತ್ತದೆ, ಅದಕ್ಕಿಂತ ಹೆಚ್ಚಿನ ನೆಮ್ಮದಿ ಬೈಂಡಿಂಗ್ ಬರೆಯುವವರಿಗೆ ಇಲ್ಲ.

ಮರವನ್ನು ತಿದ್ದಲು ಅವಕಾಶ ಕೊಡುವುದಾದರೆ ಲೈಬ್ರರಿಯ ಸಣ್ಣ ನಡವಳಿಕೆಗಳನ್ನೂ ತಿಳಿದಿರಬೇಕು. ಲಿಬ್‌ಎಕ್ಸ್‌ಎಂಎಲ್2ರಲ್ಲಿ ಪಠ್ಯ ನೋಡೊಂದನ್ನು ಮಗುವಾಗಿ ಸೇರಿಸುವಾಗ ಪಕ್ಕದಲ್ಲೇ ಇನ್ನೊಂದು ಪಠ್ಯ ನೋಡ್ ಇದ್ದರೆ, ಲೈಬ್ರರಿ ಎರಡನ್ನೂ ಬೆಸೆದು ನೀವು ಕೊಟ್ಟ ನೋಡನ್ನು ಬಿಡುಗಡೆ ಮಾಡಿಬಿಡುತ್ತದೆ. ನಿಮ್ಮ ಪ್ರಾಕ್ಸಿ ಮಾತ್ರ ಹಳೆಯ ವಿಳಾಸವನ್ನೇ ಹಿಡಿದು ಕೂತಿರುತ್ತದೆ. ಎಲಿಮೆಂಟುಗಳ ಹೆಸರುಗಳು ದಾಖಲೆಗೆ ಸೇರಿದ ಒಂದು ನಿಘಂಟಿನಲ್ಲಿ ಇರಬಹುದು, ಹಾಗಿರುವಾಗ ಒಂದು ದಾಖಲೆಯ ನೋಡನ್ನು ಇನ್ನೊಂದಕ್ಕೆ ಸುಮ್ಮನೆ ಜೋಡಿಸಿ ಮೊದಲ ದಾಖಲೆಯನ್ನು ಬಿಟ್ಟರೆ ಹೆಸರುಗಳು ಹೋಗುತ್ತವೆ. ಹೆಡರ್ ಫೈಲಿನಲ್ಲಿರುವ ಘೋಷಣೆಗಳನ್ನು ನೋಡಿ ಇವನ್ನು ಊಹಿಸಲು ಸಾಧ್ಯವಿಲ್ಲ. ಮುಂದಿನ ಹೋಲಿಕೆಯಲ್ಲಿ ಈ ಮಾತೇ ನಿರ್ಣಾಯಕ.

ಸ್ವಿಗ್ ಮತ್ತು ಸೈಥಾನ್

ಡೇವಿಡ್ ಬೀಜ್ಲಿ 1995ರಲ್ಲಿ ಆರಂಭಿಸಿದ ಸ್ವಿಗ್‌ನ ಆಕರ್ಷಣೆ ಸ್ಪಷ್ಟ: ಒಂದು ಇಂಟರ್‌ಫೇಸ್ ಫೈಲ್ ಬರೆದರೆ ಪೈಥಾನ್, ಪರ್ಲ್, ರೂಬಿ, ಲುವಾ, ಟಿಸಿಎಲ್ ಎಲ್ಲಕ್ಕೂ ಬೈಂಡಿಂಗ್ ಸಿಗುತ್ತದೆ. ನೂರಾರು ಫಂಕ್ಷನ್‌ಗಳಿರುವ ಗಣಿತದ ಲೈಬ್ರರಿಗೆ ಇದು ಅಪಾರ ಉಪಕಾರ, ಏಕೆಂದರೆ ಅಲ್ಲಿ ಸಂಖ್ಯೆಗಳು ಒಳಗೆ ಹೋಗುತ್ತವೆ, ಸಂಖ್ಯೆಗಳು ಹೊರಗೆ ಬರುತ್ತವೆ. ಮರ ಕಟ್ಟುವ ಪಾರ್ಸರ್ ಹಾಗಲ್ಲ. ಒಂದು ಫಂಕ್ಷನ್ ನೋಡ್ ಪಾಯಿಂಟರ್ ಹಿಂದಿರುಗಿಸುತ್ತದೆ ಎಂದು ಹೆಡರ್ ಹೇಳುತ್ತದೆ, ಆ ನೋಡ್ ಯಾರದು ಎಂದು ಹೇಳುವುದಿಲ್ಲ. ಸ್ವಿಗ್‌ಗೆ ಅದನ್ನು ಒಂದೊಂದು ಫಂಕ್ಷನಿಗೂ ಟಿಪ್ಪಣಿ ಬರೆದು ತಿಳಿಸಬೇಕು, ಹಾಗೆ ಮಾಡಿದ ಮೇಲೂ ಹೊಸ ವಸ್ತುವೇ ಅಲ್ಲವೇ ಎಂಬಷ್ಟು ಸರಳ ಸಂಗತಿಯನ್ನು ಮಾತ್ರ ಸುಲಭವಾಗಿ ಹೇಳಬಹುದು, ಕೊಂಬೆ ಕಿತ್ತಾಗ ಒಡೆತನ ಬದಲಾಗುವುದನ್ನಲ್ಲ. ಕೊನೆಗೆ ಸಿಗುವುದು ಸ್ಕ್ರಿಪ್ಟಿನ ವೇಷ ತೊಟ್ಟ ಸಿ ಎಪಿಐ. ಅದರ ಮೇಲೆ ಇನ್ನೊಂದು ಪದರವನ್ನು ಕೈಯಿಂದ ಬರೆಯಬೇಕಾಗುವುದಾದರೆ ಉಳಿಸಿದ ಶ್ರಮ ಎಲ್ಲಿ ಹೋಯಿತು? ಮೂರಕ್ಕಿಂತ ಹೆಚ್ಚು ಭಾಷೆಗಳಿಗೆ ಒಟ್ಟಿಗೆ ಬೈಂಡಿಂಗ್ ಬೇಕಾದಾಗ ಮಾತ್ರ, ಅದೂ ಲೈಬ್ರರಿಯ ಮುಂದೆ ನೀವೇ ಬರೆದ ಹತ್ತು ಹದಿನೈದು ಫಂಕ್ಷನ್‌ಗಳ ಚಿಕ್ಕ ಸಿ ಮುಖವನ್ನು ಇಟ್ಟು, ಅದನ್ನು ಸ್ವಿಗ್‌ಗೆ ಕೊಡುವುದಾದರೆ ನಾನು ಒಪ್ಪುತ್ತೇನೆ.

ಸೈಥಾನ್ ಪೈಥಾನಿಗೆ ಮಾತ್ರ ಸಲ್ಲುತ್ತದೆ. ಪೈರೆಕ್ಸ್ ಎಂಬ ಹಿಂದಿನ ಭಾಷೆಯಿಂದ 2007ರಲ್ಲಿ ಕವಲೊಡೆದ ಈ ಭಾಷೆಯಲ್ಲೇ ಎಲ್‌ಎಕ್ಸ್‌ಎಂಎಲ್ ಬರೆಯಲ್ಪಟ್ಟಿದೆ. ಒಂದು ವಸ್ತುವನ್ನು ಎಷ್ಟು ಕಡೆ ಹಿಡಿದಿದೆ ಎಂಬ ರೆಫರೆನ್ಸ್ ಎಣಿಕೆಯನ್ನು, ಎಕ್ಸೆಪ್ಷನ್ ಪರಿಶೀಲನೆಯನ್ನು ಅದು ತಾನೇ ಬರೆದುಕೊಡುತ್ತದೆ. ಪಾಯಿಂಟರುಗಳೊಂದಿಗೆ ಸಿ ಭಾಷೆಯಷ್ಟೇ ನೇರವಾಗಿ ವ್ಯವಹರಿಸಲು ಬಿಡುತ್ತದೆ. ಕೈಯಿಂದ ಬರೆದ ಪೈಥಾನ್ ಎಕ್ಸ್‌ಟೆನ್ಷನ್‌ನಲ್ಲಿ ಬಹುಪಾಲು ದೋಷಗಳು ಹುಟ್ಟುವುದು ಎಣಿಕೆಯನ್ನು ಒಂದು ಕಡೆ ಹೆಚ್ಚಿಸಿ ಇನ್ನೊಂದು ಕಡೆ ಇಳಿಸಲು ಮರೆತಾಗ. ಆ ಇಡೀ ವರ್ಗದ ದೋಷಗಳು ಇಲ್ಲಿ ಇಲ್ಲವಾಗುತ್ತವೆ. ಪೈಥಾನಿಗೆ ಮರದ ಬೈಂಡಿಂಗ್ ಬರೆಯುವವರಿಗೆ ನನ್ನ ಆಯ್ಕೆ ಇದೇ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: 2023ರಲ್ಲಿ ಬಂದ ಸೈಥಾನ್ 3.0ರಿಂದ ಸಿ ಫಂಕ್ಷನ್‌ಗಳು ಎಕ್ಸೆಪ್ಷನ್‌ಗಳನ್ನು ಕರೆದವರಿಗೆ ದಾಟಿಸುವುದು ಸಹಜ ನಡವಳಿಕೆಯಾಗಿದೆ. ಆದರೆ ಪಾರ್ಸರ್ ಕರೆಯುವ ಹ್ಯಾಂಡ್ಲರುಗಳಿಗೆ ಅದು ಅನ್ವಯಿಸಲಾರದು, ಏಕೆಂದರೆ ಕರೆದ ಪಾರ್ಸರಿಗೆ ಎಕ್ಸೆಪ್ಷನ್ ಎಂದರೇನೆಂದೇ ತಿಳಿಯದು. ಅವುಗಳನ್ನು ನೋಎಕ್ಸೆಪ್ಟ್ ಎಂದು ಗುರುತಿಸಿ, ತಪ್ಪನ್ನು ಒಳಗೇ ಹಿಡಿದಿಡಬೇಕು.

ಯಾವ ದಾರಿ ಹಿಡಿದರೂ ತಪ್ಪದ ನಿರ್ಧಾರಗಳು

ಅಕ್ಷರ ಸಂಕೇತದ ವಿಷಯದಲ್ಲಿ ಎರಡೂ ಪ್ರಮುಖ ಎಕ್ಸ್‌ಎಂಎಲ್ ಲೈಬ್ರರಿಗಳು ಸಾಮಾನ್ಯವಾಗಿ ಯುಟಿಎಫ್-8 ಕೊಡುತ್ತವೆ. ಲುವಾದಲ್ಲಿ ಬೈಟುಗಳನ್ನು ಹಾಗೆಯೇ ದಾಟಿಸಬಹುದು. ಪರ್ಲ್ ಮತ್ತು ರೂಬಿಗಳಲ್ಲಿ ಸ್ಟ್ರಿಂಗಿಗೆ ಗುರುತು ಹಚ್ಚಬೇಕು. ಪೈಥಾನಿನಲ್ಲಿ ಹೊಸ ಸ್ಟ್ರಿಂಗ್ ವಸ್ತುವನ್ನೇ ಕಟ್ಟಬೇಕು. ಪಾರ್ಸರ್ ಹೇಳುವ ಬೈಟ್ ಸ್ಥಾನವನ್ನು ಸ್ಕ್ರಿಪ್ಟಿನ ಅಕ್ಷರ ಸ್ಥಾನವೆಂದು ತಿಳಿಯಬಾರದು. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಯೂ ಯುಟಿಎಫ್-8ರಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ, ಆದ್ದರಿಂದ ನಮ್ಮ ಪಠ್ಯದಲ್ಲಿ ಈ ತಪ್ಪು ಬೇಗ ಹೊರಬೀಳುತ್ತದೆ. ಈಗಾಗಲೇ ಯುನಿಕೋಡ್ ಸ್ಟ್ರಿಂಗ್ ಆಗಿರುವ ಪಠ್ಯದ ತಲೆಯಲ್ಲಿ ಬೇರೊಂದು ಸಂಕೇತದ ಘೋಷಣೆ ಇದ್ದರೆ ಏನು ಮಾಡಬೇಕು ಎಂಬುದನ್ನೂ ತೀರ್ಮಾನಿಸಬೇಕು. ಪೈಎಕ್ಸ್‌ಪ್ಯಾಟ್ ಘೋಷಣೆಯನ್ನು ಬದಿಗಿಟ್ಟು ಯುಟಿಎಫ್-8 ಎಂದೇ ಓದುತ್ತದೆ, ಎಲ್‌ಎಕ್ಸ್‌ಎಂಎಲ್ ಅಂಥ ಸ್ಟ್ರಿಂಗನ್ನು ನಿರಾಕರಿಸುತ್ತದೆ. ಎರಡೂ ಸಮರ್ಥನೀಯ, ಆದರೆ ಏನನ್ನೂ ತೀರ್ಮಾನಿಸದೆ ಬಿಡುವುದು ಸಮರ್ಥನೀಯವಲ್ಲ.

ಥ್ರೆಡ್‌ಗಳಲ್ಲಿ ಬಳಸುವ ಉದ್ದೇಶವಿದ್ದರೆ ಪಾರ್ಸರಿನ ಸ್ವಭಾವ ಮತ್ತೆ ಮುಖ್ಯವಾಗುತ್ತದೆ. ಮರ ಕಟ್ಟುವಾಗ ಸ್ಕ್ರಿಪ್ಟಿನ ಕೋಡ್ ನಡುವೆ ಓಡುವುದಿಲ್ಲವಾದ್ದರಿಂದ ಪೈಥಾನಿನ ಜಾಗತಿಕ ಬೀಗವನ್ನು (ಒಮ್ಮೆಗೆ ಒಂದೇ ಥ್ರೆಡ್ ಓಡಲು ಬಿಡುವ ಬೀಗವನ್ನು) ಬಿಟ್ಟು ಇತರ ಥ್ರೆಡ್‌ಗಳಿಗೆ ಅವಕಾಶ ಕೊಡಬಹುದು, ಎಲ್‌ಎಕ್ಸ್‌ಎಂಎಲ್ ಹೀಗೆಯೇ ಮಾಡುತ್ತದೆ. ಪ್ರತಿ ಘಟನೆಗೂ ಸ್ಕ್ರಿಪ್ಟಿಗೆ ಮರಳುವ ಪಾರ್ಸರಿನಲ್ಲಿ ಬೀಗವನ್ನು ಬಿಟ್ಟು ಹಿಡಿಯುವುದರಿಂದ ಗಳಿಸುವುದು ಏನೂ ಇಲ್ಲ.

ಸುರಕ್ಷತೆಯ ಆಯ್ಕೆಗಳನ್ನು ಬಳಕೆದಾರರಿಗೆ ಬಿಡದೆ ಬೈಂಡಿಂಗೇ ಮೊದಲಿಂದಲೇ ಬಿಗಿಯಾಗಿ ಇಡಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಎಕ್ಸ್‌ಪ್ಯಾಟ್ ಹೊರಗಿನ ಎಂಟಿಟಿಗಳನ್ನು ತಾನಾಗಿ ತರುವುದಿಲ್ಲ, ನೀವು ಹ್ಯಾಂಡ್ಲರ್ ಕೊಟ್ಟರೆ ಮಾತ್ರ ಕೇಳುತ್ತದೆ. ಲಿಬ್‌ಎಕ್ಸ್‌ಎಂಎಲ್2ರಲ್ಲಿ ನೋಎಂಟ್ ಎಂಬ ಆಯ್ಕೆಯಿದೆ. ಹೆಸರು ಕೇಳಿದರೆ ಎಂಟಿಟಿಗಳನ್ನು ತಡೆಯುತ್ತದೆ ಅನ್ನಿಸುತ್ತದೆ, ನಿಜವಾಗಿ ಅದು ಎಂಟಿಟಿಗಳ ಜಾಗದಲ್ಲಿ ಅವುಗಳ ಪಠ್ಯವನ್ನು ತುಂಬುವಂತೆ ಮಾಡುತ್ತದೆ. ಇಂಥ ಹೆಸರನ್ನು ಹಾಗೆಯೇ ಸ್ಕ್ರಿಪ್ಟಿಗೆ ದಾಟಿಸುವ ಬೈಂಡಿಂಗ್ ತನ್ನ ಕರ್ತವ್ಯವನ್ನು ಅರ್ಧಕ್ಕೇ ಬಿಟ್ಟಂತೆ. ಒಂದರೊಳಗೊಂದು ಹಿಗ್ಗುವ ಎಂಟಿಟಿಗಳಿಂದ ಮೆಮೊರಿ ತುಂಬಿಸುವ ದಾಳಿಗೆ ಎಕ್ಸ್‌ಪ್ಯಾಟ್‌ನೊಳಗೇ ತಡೆ ಬಂದದ್ದು 2021ರ 2.4.0 ಆವೃತ್ತಿಯಲ್ಲಿ.

ಇದು ನೇರವಾಗಿ ಹಂಚಿಕೆಯ ಪ್ರಶ್ನೆಗೆ ಒಯ್ಯುತ್ತದೆ. ಸಿಸ್ಟಂನಲ್ಲಿರುವ ಲೈಬ್ರರಿಗೆ ಲಿಂಕ್ ಮಾಡಿದರೆ ಅಂಥ ತಿದ್ದುಪಡಿಗಳು ನಿಮ್ಮ ಶ್ರಮವಿಲ್ಲದೆ ಬರುತ್ತವೆ, ಆದರೆ ಯಾವ ಆವೃತ್ತಿ ಸಿಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಲೈಬ್ರರಿಯನ್ನು ಬೈಂಡಿಂಗ್ ಜೊತೆಗೇ ಕಟ್ಟಿ ಕೊಟ್ಟರೆ ಬಳಕೆದಾರರಿಗೆ ಅನುಕೂಲ, ಆದರೆ ಪ್ರತಿ ಭದ್ರತಾ ತಿದ್ದುಪಡಿಗೂ ನೀವು ಹೊಸ ಬಿಡುಗಡೆ ಮಾಡುವ ವ್ರತ ತೊಡಬೇಕು. ಒಂದೇ ಪ್ರೋಸೆಸ್ಸಿನಲ್ಲಿ ಇನ್ನೊಂದು ಮಾಡ್ಯೂಲ್ ಕೂಡ ಅದೇ ಲೈಬ್ರರಿಯನ್ನು ಹಂಚಿಕೊಂಡಿರಬಹುದಾದ್ದರಿಂದ, ಲಿಬ್‌ಎಕ್ಸ್‌ಎಂಎಲ್2ರ ಜಾಗತಿಕ ಶುಚಿಗೊಳಿಸುವ ಫಂಕ್ಷನನ್ನು ಬೈಂಡಿಂಗ್‌ನಿಂದ ಕರೆಯಲೇಬಾರದು. ನಿಮ್ಮ ಕೆಲಸ ಮುಗಿದಿದೆಯೆಂದು ಬೇರೆಯವರ ಕಾಲ ಕೆಳಗಿನ ನೆಲವನ್ನು ಎಳೆದಂತಾಗುತ್ತದೆ. ಪೈಥಾನಿಗೆ ಬರೆಯುವುದಾದರೆ 3.2ರಿಂದ ಇರುವ ಸ್ಥಿರ ಎಬಿಐಗೆ (ಆವೃತ್ತಿ ಬದಲಾದರೂ ಬದಲಾಗದ ಬೈನರಿ ಮಟ್ಟದ ಒಪ್ಪಂದಕ್ಕೆ) ಅಂಟಿಕೊಂಡರೆ ಒಂದೇ ಬೈನರಿ ಹಲವು ಪೈಥಾನ್ ಆವೃತ್ತಿಗಳಿಗೆ ಸಾಕಾಗುತ್ತದೆ.

ಇಷ್ಟೆಲ್ಲದಕ್ಕೂ ಮೊದಲು ಈಗಾಗಲೇ ಇರುವ ಬೈಂಡಿಂಗ್ ಸಾಕೇ ಎಂದು ನೋಡುವುದು ಕರ್ತವ್ಯ. ಪೈಥಾನ್, ರೂಬಿ, ಪರ್ಲ್‌ಗಳಲ್ಲಿ ಎಕ್ಸ್‌ಎಂಎಲ್‌ಗಾಗಿ ಹೊಸದನ್ನು ಬರೆಯಲು ಕಾರಣ ಅಪರೂಪ. ಹೊಸ ಬೈಂಡಿಂಗ್ ಬೇಕಾಗುವುದು ಹೆಚ್ಚಾಗಿ ನಿಮ್ಮದೇ ಸಂಸ್ಥೆಯ ಮಾರ್ಕಪ್‌ಗೆ, ಅಷ್ಟಾಗಿ ಹರಡದ ಪಾರ್ಸರಿಗೆ, ಅಥವಾ ದೊಡ್ಡ ಪ್ರೋಗ್ರಾಂನೊಳಗೆ ಹುದುಗಿಸಿದ ಲುವಾದಂಥ ಭಾಷೆಗೆ.

ಇರುವುದನ್ನು ಆರಿಸುವಾಗಲೂ, ಹೊಸದನ್ನು ಬರೆದು ಪರೀಕ್ಷಿಸುವಾಗಲೂ ನಾನು ಮೊದಲು ಓಡಿಸುವುದು ಒಂದೇ ಪುಟ್ಟ ಪರೀಕ್ಷೆ. ಒಂದು ದಾಖಲೆಯನ್ನು ಪಾರ್ಸ್ ಮಾಡಿ, ಆಳದಲ್ಲಿರುವ ಒಂದು ನೋಡನ್ನು ಮಾತ್ರ ಹಿಡಿದುಕೊಂಡು, ದಾಖಲೆಯ ಹೆಸರನ್ನು ಅಳಿಸಿ, ಗಾರ್ಬೇಜ್ ಕಲೆಕ್ಟರನ್ನು ಬಲವಂತವಾಗಿ ಓಡಿಸಿ, ಆಮೇಲೆ ಆ ನೋಡಿನ ತಂದೆಯ ಹೆಸರನ್ನು ಕೇಳುತ್ತೇನೆ. ನಂತರ ಹ್ಯಾಂಡ್ಲರಿನೊಳಗೆ ತಪ್ಪು ಎಬ್ಬಿಸಿ, ಅದೇ ಪ್ರೋಗ್ರಾಂನಲ್ಲಿ ಇನ್ನೊಂದು ದಾಖಲೆಯನ್ನು ಪಾರ್ಸ್ ಮಾಡುತ್ತೇನೆ. ರೂಬಿಯಲ್ಲಿ ಗಾರ್ಬೇಜ್ ಕಲೆಕ್ಟರನ್ನು ಪದೇ ಪದೇ ಓಡಿಸುವ ಜಿಸಿ ಸ್ಟ್ರೆಸ್ ಆನ್ ಮಾಡಿ, ಪೈಥಾನಿನಲ್ಲಿ ಅದರದೇ ಅಲೋಕೇಟರನ್ನು ಬದಿಗಿಟ್ಟು ಸಾದಾ ಮ್ಯಾಲಾಕ್ ಬಳಸುವಂತೆ ಮಾಡಿ, ಮೆಮೊರಿಯ ತಪ್ಪುಗಳನ್ನು ಪತ್ತೆಹಚ್ಚುವ ವಾಲ್‌ಗ್ರೈಂಡ್ ಅಥವಾ ಅಡ್ರೆಸ್ ಸ್ಯಾನಿಟೈಸರ್ ಅಡಿಯಲ್ಲಿ ಈ ಎರಡನ್ನೂ ಓಡಿಸಿದರೆ, ದಾಖಲಾತಿಯನ್ನು ಓದಿ ತಿಳಿಯಲಾಗದ ಒಡೆತನದ ನಿಯಮಗಳು ಆ ವರದಿಯಲ್ಲಿ ಸಾಲು ಸಂಖ್ಯೆಯ ಸಮೇತ ಕಾಣಿಸುತ್ತವೆ.